ಹಸಿರು ವೈರು ಬಿಚ್ಚಿದ ಮನೆ

2024ರ ಫೆಬ್ರವರಿ. ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಮೂಡಿಗೆರೆ ಕಡೆಯ ಒಂದು ಎಕ್ಸ್‌ಚೇಂಜಿನ ಅಧಿಕಾರಿಯಾಗಿ ನಾನು ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಕೂತು ಬೇಸರವಾಗಿ, ಸ್ಕೂಟರಿನ ಡಿಕ್ಕಿಯಲ್ಲಿ ಮೀಟರುಗಳನ್ನು ಹಾಕಿಕೊಂಡು, ಕರೆದವರ ಎಸ್ಟೇಟುಗಳಿಗೂ ಹೋಂಸ್ಟೇಗಳಿಗೂ ಹೋಗಿ ನೆಟ್‌ವರ್ಕ್ ಕೇಬಲ್ಲಿನ ದೋಷ ಹುಡುಕಿಕೊಡುತ್ತಿದ್ದೆ. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಹೆಂಗಸು ಎಂದರೆ ‘ನಂಬರ್ ಪ್ಲೀಸ್’ ಎನ್ನುತ್ತ ಕೂತಿದ್ದವಳು ಎಂದೇ ಜನ ತಿಳಿಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನನ್ನ ನಿಜವಾದ ಕೆಲಸ ಅರ್ತಿಂಗ್ ನೋಡಿಕೊಳ್ಳುವುದಾಗಿತ್ತು.

ಅರ್ತಿಂಗ್ ಎಂದರೆ ಕಟ್ಟಡದ ವಿದ್ಯುತ್ತಿಗೆ ಭೂಮಿಯ ಜೊತೆ ಇಡುವ ಸಂಬಂಧ. ಯಾವುದೋ ಯಂತ್ರದ ಒಳಗೆ ವೈರು ಸುಟ್ಟು ಕರೆಂಟು ಅದರ ಲೋಹದ ಮೈಗೆ ಬಂದರೆ, ಮನುಷ್ಯನ ಮೈಯ ಮೂಲಕ ಹೋಗುವ ಬದಲು ಅದು ಹಸಿರು ವೈರಿನಲ್ಲಿ ಓಡಿ ನೆಲದಲ್ಲಿ ಹೂತ ಲೋಹದ ಕಂಬಿಗೆ ಸೇರಬೇಕು. ಆ ಕಂಬಿಗೂ ಮಣ್ಣಿಗೂ ನಡುವಿನ ಅಡ್ಡಿಯನ್ನು ಓಮ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಅಡ್ಡಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಏಪ್ರಿಲ್‌ನಲ್ಲಿ ನಮ್ಮ ಗುಡ್ಡಗಳ ಮೇಲೆ ಸಿಡಿಲು ಹೇಗೆ ಬೀಳುತ್ತದೆ ಎಂದು ಕಂಡವರಿಗೆ, ಎಕ್ಸ್‌ಚೇಂಜಿನಲ್ಲಿ ನಾವು ಒಂದು ಓಮ್‌ಗಾಗಿ ಯಾಕೆ ಜಗಳಾಡುತ್ತಿದ್ದೆವು ಎಂಬುದು ಅರ್ಥವಾದೀತು. ಉಳಿದವರಿಗೆ ಹಸಿರು ವೈರು ಎಂದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅನವಶ್ಯಕವಾಗಿ ಇರುವ ಒಂದು ವೈರು.

ಮಲ್ಲಂದೂರು ಕಡೆಯ ಪ್ರಸನ್ನ ಎಂಬ ಪ್ಲಾಂಟರ್ ಫೋನ್ ಮಾಡಿದ್ದು ಕಾಫಿ ಕೊಯ್ಲು ಮುಗಿದು ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರುವಾದ ವಾರ. ಅವರು ಗುಡ್ಡದ ನೆತ್ತಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅಲ್ಲಿಂದ ಎಪ್ಪತ್ತು ಮೀಟರ್ ಕೆಳಗಿದ್ದ ಹಳೆಯ ಬಂಗಲೆಯನ್ನು ಅತಿಥಿಗಳಿಗೆ ಬಿಟ್ಟಿದ್ದರು. ಎರಡಕ್ಕೂ ಬೇರೆ ಬೇರೆ ಕರೆಂಟ್ ಮೀಟರು, ಬೇರೆ ಬೇರೆ ಅರ್ತಿಂಗ್. ಹೊಸ ಮನೆಯಿಂದ ಬಂಗಲೆಗೆ ನೆಲದಡಿ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸಿದ್ದರು.

“ಬೆಳಿಗ್ಗೆ ಬೆಳಿಗ್ಗೆ ಬಂಗಲೆ ಇಂಟರ್ನೆಟ್ ಸತ್ತೇಹೋಗ್ತಿತ್ತು ಮೇಡಂ. ಈಗ ನಮ್ಮ ಕನ್ಸಲ್ಟೆಂಟ್ ಸರಿ ಮಾಡಿದಾರೆ. ಆದ್ರೂ ನೀವೊಂದ್ಸಲ ನೋಡಿ ಹೋಗಿ ಮಾರಾಯ್ರೆ, ನಂಗೆ ಸಮಾಧಾನ,” ಎಂದರು.

ಹೋದೆ. ಕನ್ಸಲ್ಟೆಂಟ್ ಅಲ್ಲೇ ಇದ್ದ. ಹೆಸರು ತೇಜಸ್. ವಯಸ್ಸು ಮೂವತ್ತರ ಆಸುಪಾಸು, ಎದೆಯ ಮೇಲೆ ಕಂಪನಿಯ ಹೆಸರು ಹೊಲಿದ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್. ಸೊಂಟಕ್ಕೆ ಒಂದು ಮೀಟರ್ ಇರಲಿಲ್ಲ. ಮನೆಗಳಿಗೆ ವೈರಿಂಗ್ ಮಾಡುವವರಲ್ಲಿ ಈಗ ಇದೊಂದು ಹೊಸ ಜಾತಿ ಹುಟ್ಟಿದೆ. ಅವರು ಅಳೆಯುವುದಿಲ್ಲ, ಪ್ರೆಸೆಂಟೇಶನ್ ಮಾಡುತ್ತಾರೆ.

ಊಟದ ಕೋಣೆಯ ಗೋಡೆಯ ಮೇಲೆ ತಲೆಯೆತ್ತರದಲ್ಲಿ ಲೋಹದ ಕಪ್ಪು ಪೆಟ್ಟಿಗೆಯೊಂದನ್ನು ಕೂರಿಸಿದ್ದರು. ಇದಕ್ಕೆ ರ‍್ಯಾಕ್ ಎನ್ನುತ್ತಾರೆ. ಮನೆಯ ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಸೇರುವ ಜಾಗ. ತೇಜಸ್ ಅದರ ಬಾಗಿಲು ತೆಗೆದು, ಒಡವೆ ಅಂಗಡಿಯವನ ಹಾಗೆ ಒಂದೊಂದನ್ನೇ ತೋರಿಸಿದ. “ಎಲ್ಲಾ ಶೀಲ್ಡೆಡ್ ಕೇಬಲ್. ಮಾಮೂಲಿ ಮನೆಗಳಲ್ಲಿ ಹಾಕಲ್ಲ. ಶೀಲ್ಡ್ ಇದ್ರೆ ಫುಲ್ ಸೇಫ್.”

ಶೀಲ್ಡೆಡ್ ಕೇಬಲ್ ಎಂದರೆ ಇಷ್ಟೇ. ನೆಟ್‌ವರ್ಕ್ ಕೇಬಲ್ಲಿನ ಒಳಗಿನ ನಾಲ್ಕು ಜೊತೆ ತಾಮ್ರದ ಎಳೆಗಳ ಸುತ್ತ ತೆಳುವಾದ ಅಲ್ಯೂಮಿನಿಯಂ ಹಾಳೆ, ಆ ಹಾಳೆಗೆ ತಾಗಿಕೊಂಡು ಉದ್ದಕ್ಕೂ ಒಂದು ಬೋಳು ತಾಮ್ರದ ತಂತಿ. ಅಕ್ಕಪಕ್ಕದ ದೊಡ್ಡ ಮೋಟಾರು, ಯಂತ್ರಗಳಿಂದ ಬರುವ ವಿದ್ಯುತ್ ಗದ್ದಲವನ್ನು ಹಿಡಿದು ಭೂಮಿಗೆ ಸಾಗಿಸುವುದು ಅದರ ಕೆಲಸ. ಅದು ಕಾಯುವುದು ಸಿಗ್ನಲ್ಲನ್ನು, ಮನುಷ್ಯರನ್ನಲ್ಲ. ಅರ್ತಿಂಗ್ ಸರಿಯಾಗಿಲ್ಲದಿದ್ದರೆ ಅದು ಒಂದು ಕಟ್ಟಡದ ಕರೆಂಟನ್ನು ಇನ್ನೊಂದು ಕಟ್ಟಡಕ್ಕೆ ತಂದುಕೊಡುವ ಉದ್ದನೆಯ ಲೋಹದ ತಂತಿ, ಅಷ್ಟೇ. ಸಿಲ್ವರ್ ಓಕ್ ಮರಗಳ ನಡುವೆ ನಿಂತ ಈ ಮನೆಯಲ್ಲಿ ಯಾವ ಕಾರ್ಖಾನೆಯ ಗದ್ದಲದಿಂದ ಕೇಬಲ್ಲನ್ನು ಕಾಯಬೇಕಿತ್ತೋ, ನನಗೆ ಇಂದಿಗೂ ತಿಳಿದಿಲ್ಲ. ದುಬಾರಿಯದಾದ್ದರಿಂದ ಒಳ್ಳೆಯದೇ ಇರಬೇಕು ಎಂದು ಪ್ರಸನ್ನ ಒಪ್ಪಿದ್ದರು.

ಪೆಟ್ಟಿಗೆಯ ಒಳಮೂಲೆಯಲ್ಲಿ ಒಂದು ಹಸಿರು ವೈರು ಬಿಚ್ಚಿಕೊಂಡು ನೇತಾಡುತ್ತಿತ್ತು. ತುದಿಗೆ ನೀಟಾಗಿ ಟೇಪ್ ಸುತ್ತಿತ್ತು.

“ಇದನ್ನ ಯಾಕೆ ಬಿಚ್ಚಿದ್ದೀರಿ?” ಎಂದೆ.

“ಅದೇ ಪ್ರಾಬ್ಲಂ ಆಂಟಿ. ಗ್ರೌಂಡ್ ಲೂಪ್, ಎರಡು ಅರ್ತಿಂಗ್ ಕೂಡಿದ್ರೆ ಲೈನಲ್ಲಿ ಗದ್ದಲ ಬರುತ್ತೆ. ಮೂರು ದಿನದ ಹಿಂದೆ ಅದನ್ನ ಬಿಚ್ಚಿದೆ, ನೆಟ್ ಪಕ್ಕಾ ಆಯ್ತು.”

ಬಿಚ್ಚಿದರೆ ಸರಿಹೋಗುತ್ತದೆ ಎಂದರೆ, ಕಟ್ಟಿದ್ದಾಗ ಅದರಲ್ಲಿ ಏನೋ ಹರಿಯುತ್ತಿತ್ತು ಎಂದಾಯಿತು. ಏನು ಹರಿಯುತ್ತಿತ್ತು, ಎಲ್ಲಿಂದ ಬರುತ್ತಿತ್ತು ಎಂದು ಕೇಳದೆ ಬಾಗಿಲು ಮುಚ್ಚುವವನನ್ನು ನಮ್ಮ ಇಲಾಖೆಯಲ್ಲಿ ಸ್ಟೋರಿನ ಲೆಡ್ಜರ್ ಬರೆಯಲೂ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಸುಶೀಲ ಕಾಫಿ ತಂದಳು. ಮನೆಯ ಅಡುಗೆ, ಒರೆಸು ಗುಡಿಸು ಎಲ್ಲ ಅವಳದೇ. ಗಂಡ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದ. ಲೋಟ ಕೊಡುತ್ತ ನನ್ನನ್ನೇ ನೋಡಿ ಹೇಳಿದಳು:

“ಅಮ್ಮಾ, ಆ ಪೆಟ್ಟಿಗೆ ಒರ್ಸಕ್ಕೆ ಹೋದ್ರೆ ಕೈ ಜುಮ್ ಅಂತದೆ. ನಿನ್ನೆನೂ ಅಂತು, ಮೊನ್ನೆನೂ ಅಂತು. ಬೆಳಿಗ್ಗೆ ಹೊತ್ತು ಮಾತ್ರ.”

ತೇಜಸ್ ನಕ್ಕ. ಪೆಟ್ಟಿಗೆಯ ಮೇಲೆ ಅಂಗೈ ಒತ್ತಿ, “ನೋಡಿ, ಏನಿಲ್ಲ. ಸ್ಟ್ಯಾಟಿಕ್ ಅದು. ಒಣ ಹವೆಗೆ ಹಂಗಾಗುತ್ತೆ,” ಎಂದ. ಪ್ರಸನ್ನ, “ಅವ್ಳು ಒದ್ದೆ ಕೈಲಿ ಮುಟ್ಟಿರ್ತಾಳೆ ಬಿಡಿ,” ಎಂದರು. ಆಗ ಮಧ್ಯಾಹ್ನ ಹನ್ನೆರಡೂವರೆ. ನನ್ನ ಟೆಸ್ಟರೂ ಮಿಣುಕಲಿಲ್ಲ.

“ಎರಡೂ ಮನೆ ಅರ್ತಿಂಗ್ ಅಳೆಯಬೇಕು. ಮಿಷನ್ ಸ್ಕೂಟರಲ್ಲಿದೆ. ಒಂದು ಗಂಟೆ ಸಾಕು,” ಎಂದೆ.

“ಆಂಟಿ, ನಿಮ್ಮ ಟೆಲಿಫೋನ್ ಲೈನಲ್ಲಿ ಇದ್ದಿದ್ದು ನಲವತ್ತೆಂಟು ವೋಲ್ಟ್. ಇದು ಬೇರೆ ಟೆಕ್ನಾಲಜಿ. ನಿಮಗೆ ಸುಮ್ನೆ ಶ್ರಮ ಯಾಕೆ?” ಎಂದು ತೇಜಸ್ ಪ್ರಸನ್ನರ ಕಡೆ ತಿರುಗಿದ. ಪ್ರಸನ್ನ ವಾಚು ನೋಡಿಕೊಂಡರು.

ನನಗೆ ರೇಗಿತು. “ಬೇರೆ ಟೆಕ್ನಾಲಜಿಯವರಿಗೆ ಭೂಮಿನೂ ಬೇರೆ ಇರಬಹುದಪ್ಪ,” ಎಂದು ಹೇಳಿ, ಕಾಫಿಯನ್ನು ಅಲ್ಲೇ ಇಟ್ಟು ಹೊರಟುಬಿಟ್ಟೆ. ಆ ಮಾತು ಚೆನ್ನಾಗಿ ಬಂತು ಎಂದು ಮೂಡಿಗೆರೆ ತಲುಪುವವರೆಗೂ ಖುಷಿಪಡುತ್ತಿದ್ದೆ. ಅರ್ತ್ ಟೆಸ್ಟರ್ ಡಿಕ್ಕಿಯಿಂದ ಹೊರಗೆ ಬರಲೇ ಇಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರಸನ್ನರ ಫೋನು.

“ಮೇಡಂ, ನೆಟ್ ಪೂರ್ತಿ ಹೋಯ್ತು. ಸುಶೀಲ ಸ್ಟೂಲಿಂದ ಜಾರಿ ಬಿದ್ಲು, ಬೀಳ್ತಾ ವೈರೆಲ್ಲ ಎಳ್ಕೊಂಡು ಬಿದ್ಲು. ತೇಜಸ್ ಫೋನ್ ಎತ್ತುತಿಲ್ಲ. ಬಂಗಲೆಲಿ ಎಂಟು ಜನ ಗೆಸ್ಟ್ ಇದಾರೆ.”

“ಸುಶೀಲ ಹೇಗಿದ್ದಾಳೆ?”

“ಕೈ ಮುರಿದಿದೆ. ಗಂಡನ ಜೊತೆ ಜೀಪಲ್ಲಿ ಚಿಕ್ಕಮಗಳೂರಿಗೆ ಕಳಿಸಿದೀನಿ. ನೀವು ಎಷ್ಟೊತ್ತಿಗೆ ಬರ್ತೀರಿ?”

ನಾನು ತಲುಪಿದಾಗ ಹತ್ತೂ ಕಾಲು. ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ಎರಡು ಕೇಬಲ್ ಕಿತ್ತು ಬಂದಿದ್ದವು, ಬಂಗಲೆಯಿಂದ ಬಂದದ್ದು ಮಾತ್ರ ಅದರ ಜಾಗದಲ್ಲೇ ಇತ್ತು. ನೆಲದ ಮೇಲೆ ಉರುಳಿದ ಕಬ್ಬಿಣದ ಸ್ಟೂಲು, ಪಕ್ಕದಲ್ಲಿ ಇನ್ನೂ ಒದ್ದೆಯಿದ್ದ ಒರೆಸುವ ಬಟ್ಟೆ. ಬೀಳುವ ಮುಂಚೆ ಅವಳು ಕೂಗಿಕೊಂಡಳೇ ಎಂದು ಕೇಳಿದೆ. ಇಲ್ಲ ಎಂದರು ಪ್ರಸನ್ನ. ಬಿದ್ದ ಮೇಲೆ? ಒಂದೆರಡು ನಿಮಿಷ ಮಾತಿಲ್ಲ, ಕಣ್ಣು ತೆರೆದಿರಲಿಲ್ಲ. ಮುಖಕ್ಕೆ ನೀರು ಹಾಕಿದ ಮೇಲೆ ಎದ್ದಳಂತೆ.

ಜಾರಿ ಬೀಳುವವರು ಕೂಗುತ್ತಾರೆ. ಕರೆಂಟು ಹಿಡಿದವರಿಗೆ ಕೂಗಲು ಉಸಿರೇ ಬರುವುದಿಲ್ಲ.

ಯಾರೂ ಪೆಟ್ಟಿಗೆ ಮುಟ್ಟಬಾರದೆಂದು ಹೇಳಿ, ಪೆಟ್ಟಿಗೆಯ ಮೈಗೂ ಹೊಸ ಮನೆಯ ಅರ್ತಿಂಗಿಗೂ ನಡುವೆ ಮೀಟರ್ ಹಿಡಿದೆ. ಸೊನ್ನೆ. “ನೋಡಿದ್ರಾ, ಏನಿಲ್ಲ,” ಎಂದರು ಪ್ರಸನ್ನ.

“ಸುಶೀಲ ಬಿದ್ದದ್ದು ಎಷ್ಟು ಗಂಟೆಗೆ?”

“ಏಳೂವರೆ ಇರ್ಬೇಕು.”

“ಆ ಹೊತ್ತಿಗೆ ಬಂಗಲೆಯಲ್ಲಿ ಏನು ನಡೀತಾ ಇರುತ್ತೆ?”

“ಏನಿರ್ತದೆ, ಗೆಸ್ಟುಗಳು ಸ್ನಾನ ಮಾಡ್ತಾರೆ.”

ಬಂಗಲೆಯ ಸ್ನಾನದ ಮನೆಗಳಿಗೆ ಯಾರನ್ನೂ ಬಿಡದೆ, ಮೂರು ಗೀಸರುಗಳನ್ನು ಒಂದೊಂದಾಗಿ ಹಾಕಿಸಲು ಹೇಳಿದೆ. ಪ್ರಸನ್ನ ಅಲ್ಲಿದ್ದ ರೈಟರಿಗೆ, ಎಂದರೆ ಎಸ್ಟೇಟಿನ ಲೆಕ್ಕ ಬರೆಯುವವನಿಗೆ, ಫೋನ್ ಹಚ್ಚಿ ಹಾಗೆಯೇ ಹಿಡಿದುಕೊಂಡರು. ಮೊದಲನೆಯದಕ್ಕೆ ಮೀಟರ್ ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಹಾಕುತ್ತಿದ್ದಂತೆ ಅಂಕಿ ಜಿಗಿಯಿತು. ನೂರ ಎಂಬತ್ತೇಳು ವೋಲ್ಟ್.

ಬರೀ ಮೀಟರ್ ನಂಬಬಾರದು, ಪಕ್ಕದ ವೈರುಗಳ ಪ್ರಭಾವಕ್ಕೂ ಅದು ಸುಳ್ಳು ವೋಲ್ಟ್ ತೋರಿಸಬಹುದು. ಹಾಗಾಗಿ ಹದಿನೈದು ವ್ಯಾಟಿನ ಹಳೆಯ ಬಲ್ಬೊಂದರ ಎರಡು ವೈರುಗಳಲ್ಲಿ ಒಂದನ್ನು ಅರ್ತಿಂಗಿಗೆ ಕಟ್ಟಿ, ಇನ್ನೊಂದನ್ನು ಪೆಟ್ಟಿಗೆಯ ಮೈಗೆ ತಾಗಿಸಿದೆ. ಬಲ್ಬು ಹತ್ತಿತು. ಕರೆಂಟಿನ ಸಂಪರ್ಕವೇ ಇಲ್ಲವೆಂದು ಎಲ್ಲರೂ ತಿಳಿದಿದ್ದ ಪೆಟ್ಟಿಗೆಯ ಹೊರಮೈಯಿಂದ, ಎಪ್ಪತ್ತು ಮೀಟರ್ ಆಚೆಯ ಗೀಸರಿನ ಕರೆಂಟಿನಲ್ಲಿ, ಆ ಊಟದ ಕೋಣೆಯಲ್ಲಿ ಬಲ್ಬು ಹಳದಿಯಾಗಿ ಉರಿಯುತ್ತಿತ್ತು. ಪ್ರಸನ್ನ ಎರಡು ಹೆಜ್ಜೆ ಹಿಂದೆ ಸರಿದರು.

ಗೀಸರ್ ಆರಿಸಿ, ಬಂಗಲೆಯ ಮೇನ್ ಸ್ವಿಚ್ಚನ್ನೇ ಇಳಿಸಲು ಹೇಳಿ, ಕೆಳಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಸಂಗತಿ ಬಿಡಿಸಿಕೊಂಡಿತು. ಕೇಬಲ್ಲಿನ ಪೈಪು ಹೂಳಲು ಅಂಗಳದಲ್ಲಿ ಚರಂಡಿ ತೋಡಿದವರು, ಬಂಗಲೆಯ ಅರ್ತಿಂಗ್ ಪಟ್ಟಿಯನ್ನು ಹಾರೆಯಲ್ಲಿ ಕಡಿದುಹಾಕಿದ್ದರು. ಕಡಿದ ತುದಿಯನ್ನು ಮಡಚಿ ಮಣ್ಣು ಮುಚ್ಚಿದ್ದರು. ಅಲ್ಲಿಂದಾಚೆಗೆ ಬಂಗಲೆಗೆ ಭೂಮಿಯ ಸಂಬಂಧವಿಲ್ಲ. ಆಮೇಲೆ ಮೂರನೆಯ ಗೀಸರಿನ ಕಾಯಿಲ್ ಒಡೆದು ಕರೆಂಟು ಅದರ ಮೈಗೆ ಬಂತು. ಮೈಯಿಂದ ಬಂಗಲೆಯ ಹಸಿರು ವೈರುಗಳಿಗೆಲ್ಲ ಹರಡಿತು, ಅಲ್ಲಿಂದ ಅಲ್ಲಿನ ನೆಟ್‌ವರ್ಕ್ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಶೀಲ್ಡಿಗೆ. ಭೂಮಿ ಹುಡುಕಿಕೊಂಡು ಆ ಕರೆಂಟು ಶೀಲ್ಡಿನ ತಂತಿಯಲ್ಲಿ ಗುಡ್ಡ ಹತ್ತಿ ಹೊಸ ಮನೆಗೆ ಬಂದು, ಅಲ್ಲಿನ ಹಸಿರು ವೈರಿನಲ್ಲಿ ನೆಲಕ್ಕೆ ಇಳಿಯುತ್ತಿತ್ತು.

ಬಂಗಲೆಯ ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಇತ್ತು. ಕರೆಂಟು ಅಡ್ಡದಾರಿ ಹಿಡಿದು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುವ ಸ್ವಿಚ್ಚು ಅದು. ಅದು ತನ್ನ ಕೆಲಸ ಮಾಡಿತ್ತು, ದಿನಾ ಬೆಳಿಗ್ಗೆ ಬಿದ್ದಿತ್ತು. ಗೆಸ್ಟುಗಳ ಸ್ನಾನ ನಿಲ್ಲುತ್ತದೆಂದು ಪ್ರಸನ್ನ ಅದನ್ನು ಬೈಪಾಸ್ ಮಾಡಿಸಿದರು. ಆಮೇಲೆ ಕರೆಂಟು ನಿರಾತಂಕವಾಗಿ ಶೀಲ್ಡಿನಲ್ಲಿ ಹರಿದು, ಬೆಳಿಗ್ಗೆ ಬೆಳಿಗ್ಗೆ ಇಂಟರ್ನೆಟ್ ಕೆಡಲು ಶುರುವಾಯಿತು. ಅದೂ ಒಂದು ಎಚ್ಚರಿಕೆಯೇ. ತೇಜಸ್ ಬಂದು ಹೊಸ ಮನೆಯ ಹಸಿರು ವೈರು ಬಿಚ್ಚಿದ. ಹರಿಯಲು ದಾರಿಯಿಲ್ಲದೆ ಕರೆಂಟು ಪೆಟ್ಟಿಗೆಯ ಮೈಯಲ್ಲೇ ನಿಂತಿತು. ಇಂಟರ್ನೆಟ್ ಸರಿಹೋಯಿತು. ಕೊನೆಗೆ ಬಾಯಿಬಿಟ್ಟು ಹೇಳಿದವಳು ಸುಶೀಲ. ಅವಳದು ಒದ್ದೆ ಕೈ ಎಂದರು. ಇಷ್ಟು ಅಚ್ಚುಕಟ್ಟಾಗಿ, ಒಂದನ್ನೂ ಬಿಡದೆ, ಸಿಕ್ಕ ಎಚ್ಚರಿಕೆಗಳ ಬಾಯನ್ನೆಲ್ಲ ಮುಚ್ಚಿದ ಬುದ್ಧಿವಂತರನ್ನು ನಾನು ಮೂವತ್ತೊಂದು ವರ್ಷದ ಸರ್ಕಾರಿ ನೌಕರಿಯಲ್ಲೂ ಕಂಡಿರಲಿಲ್ಲ.

ಸ್ನಾನದ ಮನೆಯ ನಲ್ಲಿ ಜುಮ್ ಎನ್ನುತ್ತದೆಂದು ಒಬ್ಬ ಗೆಸ್ಟ್ ಹೇಳಿದ್ದನ್ನೂ ಪ್ರಸನ್ನ ಆಗ ನೆನಪಿಸಿಕೊಂಡರು. ಪ್ಲಾಸ್ಟಿಕ್ ಪೈಪು, ಕಾಲಲ್ಲಿ ರಬ್ಬರ್ ಚಪ್ಪಲಿ. ಆ ಎಂಟು ಜನ ಬದುಕಿದ್ದು ಅಷ್ಟರಿಂದಲೇ.

ತೇಜಸ್ ಕೊನೆಗೂ ಫೋನ್ ಎತ್ತಿದ. ಪ್ರಸನ್ನ ಸ್ಪೀಕರಿಗೆ ಹಾಕಿದರು. ಎಲ್ಲ ಕೇಳಿಸಿಕೊಂಡು ಅವನು, “ಹಂಗಾದ್ರೆ ಗೀಸರ್ ಪ್ರಾಬ್ಲಂ ಸರ್. ನಮ್ಮ ಸ್ಕೋಪಲ್ಲಿ ಗೀಸರ್ ಬರಲ್ಲ,” ಎಂದ. ಹೆಂಗಸೊಬ್ಬಳು ನೆಲಕ್ಕೆ ಬಿದ್ದ ಸುದ್ದಿ ಕೇಳಿ ಮೊದಲು ತನ್ನ ಸ್ಕೋಪನ್ನು ಅಳೆದುಕೊಂಡವನ ಜೊತೆ ಮಾತಿಗೆ ಏನು ಉಳಿದಿರುತ್ತದೆ? ಅವನು ಅಳತೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಫೋನ್ ಇಟ್ಟ ಮೇಲೆ ಪ್ರಸನ್ನ ದನಿ ತಗ್ಗಿಸಿದರು.

“ಮೇಡಂ, ಇದು ನಮ್ಮ ನಮ್ಮಲ್ಲೇ ಇರ್ಲಿ. ಹೋಂಸ್ಟೇ ಹೆಸರು ಕೆಡ್ತದೆ. ಸುಶೀಲನ್ನ ನಾವು ಚೆನ್ನಾಗೇ ನೋಡ್ಕೋತೀವಿ.”

“ಆಸ್ಪತ್ರೆಯಲ್ಲಿ ಏನು ಹೇಳಿದ್ದೀರಿ?”

“ಸ್ಟೂಲಿಂದ ಜಾರಿ ಬಿದ್ಲು ಅಂತ. ಅವಳ ಗಂಡನಿಗೂ ಅಷ್ಟೇ ಗೊತ್ತು.”

“ಶಾಕ್ ಅಂತ ನಿಮಗೆ ಆಗಲೇ ಅನುಮಾನ ಇತ್ತಾ?”

ಅವರು ಫೋನನ್ನು ಜೇಬಿಗಿಳಿಸುತ್ತ ಮುಖ ಬೇರೆ ಕಡೆ ತಿರುಗಿಸಿದರು. ಉತ್ತರ ಸಿಕ್ಕಿತು.

“ಪ್ರಸನ್ನ ಅವ್ರೇ, ಕೈಯಿಂದ ಕಾಲಿಗೆ ಕರೆಂಟು ಹಾದು ಜ್ಞಾನ ತಪ್ಪಿದವಳು ಅವಳು. ಕರೆಂಟು ಎದೆ ಹಾದು ಹೋಗಿರುತ್ತೆ. ಡಾಕ್ಟರು ಅವಳ ಕೈ ನೋಡ್ತಾ ಇದ್ದಾರೆ. ಎದೆ ನೋಡಬೇಕು ಅಂತ ಅವರಿಗೆ ಗೊತ್ತೇ ಇಲ್ಲ. ನಿಮ್ಮ ಹೋಂಸ್ಟೇ ಹೆಸರಿಗೋಸ್ಕರ.”

ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದರೆ ರಿಂಗಾಗುತ್ತಲೇ ಇತ್ತು. ಸುಶೀಲಳ ಗಂಡನಿಗೆ ಸಿಗ್ನಲ್ ಇಲ್ಲ. ಪೆಟ್ಟಿಗೆಗೆ ಯಾರೂ ಕೈಹಾಕದ ಹಾಗೆ ಬೀಗ ಹಾಕಿ, ಕೀಲಿ ಜೇಬಿಗಿಟ್ಟುಕೊಂಡು, ಸ್ಕೂಟರ್ ಹತ್ತಿದೆ. ಆ ತಿರುವುಗಳಲ್ಲಿ ಯಾವತ್ತೂ ಅಷ್ಟು ವೇಗವಾಗಿ ಹೋದವಳಲ್ಲ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಸುಶೀಲ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಗಂಡ ಮಾತ್ರೆ ತರಲು ಹೋಗಿದ್ದ. ಇನ್ನು ಹತ್ತು ನಿಮಿಷಕ್ಕೆ ಊರಿಗೆ ಹೊರಡುವವರಿದ್ದರು.

ಡ್ಯೂಟಿ ಡಾಕ್ಟರನ್ನು ಹುಡುಕಿ ನಿಂತಲ್ಲೇ ಹೇಳಿದೆ: “ಇವಳು ಜಾರಿ ಬಿದ್ದದ್ದಲ್ಲ. ನೂರ ಎಂಬತ್ತೇಳು ವೋಲ್ಟ್ ಹಿಡಿದಿದೆ. ನಾನೇ ಅಳೆದಿದ್ದೇನೆ.” ಆ ಡಾಕ್ಟರು, ನನ್ನ ಮಗಳ ವಯಸ್ಸಿನವರು, ನೀವ್ಯಾರು ಎಂದೂ ಕೇಳಲಿಲ್ಲ. ಸುಶೀಲಳ ಬಲ ಅಂಗೈಯನ್ನು ಬೆಳಕಿಗೆ ತಿರುಗಿಸಿದರು. ಬೆರಳ ಬುಡದಲ್ಲಿ ಬೇಳೆಕಾಳಿನಷ್ಟು ಬಿಳಿಯ ಸುಟ್ಟ ಕಲೆ. ಮುರಿದದ್ದು ಎಡಗೈಯಾದ್ದರಿಂದ ಬಲಗೈಯನ್ನು ಯಾರೂ ನೋಡಿರಲಿಲ್ಲ. ತಕ್ಷಣ ಇ.ಸಿ.ಜಿ. ಮಾಡಿಸಿದರು. ಎದೆಬಡಿತದಲ್ಲಿ ಏರುಪೇರಿತ್ತು. ಎರಡು ದಿನ ಮಾನಿಟರ್ ಹಾಕಿ ಮಲಗಿಸಿಕೊಂಡರು. ಎರಡನೆಯ ದಿನ ಸಂಜೆಯ ಹೊತ್ತಿಗೆ ಬಡಿತ ಸರಿಹೋಯಿತು. ಆಸ್ಪತ್ರೆಯ ಕಾಗದದಲ್ಲಿ ‘ಬಿದ್ದು ಗಾಯ’ ಎಂದಿದ್ದನ್ನು ಹೊಡೆದು ‘ವಿದ್ಯುತ್ ಆಘಾತ’ ಎಂದು ಬರೆದರು. ಚಿಕಿತ್ಸೆಯ ಹೊಣೆ ಹೊರುವುದು ಬಿಟ್ಟು ಪ್ರಸನ್ನರಿಗೆ ಬೇರೆ ದಾರಿ ಉಳಿಯಲಿಲ್ಲ.

ವೈರಿಂಗ್ ಕೆಲಸವನ್ನು ನಾನೇ ನಿಂತು ಮಾಡಿಸಿದೆ. ಬಂಗಲೆಗೆ ಹೊಸ ಅರ್ತಿಂಗ್ ಗುಂಡಿ ತೋಡಿಸಿದೆ. ಒಣ ಮಣ್ಣಿನಲ್ಲೂ ನಾಲ್ಕು ಓಮ್ ಬರುವವರೆಗೆ ಬಿಡಲಿಲ್ಲ. ಇ.ಎಲ್.ಸಿ.ಬಿ.ಯ ಬೈಪಾಸ್ ಕಿತ್ತೆ. ಗೀಸರ್ ಗುಜರಿಗೆ ಹೋಯಿತು. ಎರಡು ಕಟ್ಟಡಗಳ ನಡುವಿನ ಶೀಲ್ಡೆಡ್ ಕೇಬಲ್ ಎಳೆದು ಬಿಸಾಕಿ, ಅದೇ ಪೈಪಿನಲ್ಲಿ ಲೋಹವೇ ಇಲ್ಲದ ಫೈಬರ್ ಹಾಕಿದೆವು. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಬೇರೆ ಬೇರೆ ಅರ್ತಿಂಗ್ ಇರುವ ಎರಡು ಕಟ್ಟಡಗಳ ನಡುವೆ ಹಾಕಬೇಕಾದದ್ದು ಮೊದಲಿನಿಂದಲೂ ಅದೇ. ಹೊಸ ಮನೆಯೊಳಗಿನ ಕೇಬಲ್ಲುಗಳ ಶೀಲ್ಡನ್ನೆಲ್ಲ ಪೆಟ್ಟಿಗೆಗೆ ಕೂಡಿಸಿ, ಪೆಟ್ಟಿಗೆಯಿಂದ ದಪ್ಪನೆಯ ಹಸಿರು ವೈರನ್ನು ಆ ಮನೆಯ ಅರ್ತಿಂಗಿಗೆ ಬಿಗಿದೆ. ಮಾಡಬೇಕಾದದ್ದು ಇಷ್ಟೇ ಇತ್ತು. ಇದು ತಿಳಿಯದಿದ್ದರೆ ಮನೆಯಲ್ಲಿ ಶೀಲ್ಡೆಡ್ ಕೇಬಲ್ ಹಾಕಬೇಡಿ, ಮಾಮೂಲಿ ಕೇಬಲ್ಲೇ ಸಾಕು. ಪ್ರೆಸೆಂಟೇಶನ್ ಸ್ವಲ್ಪ ಸಪ್ಪೆಯಾಗುತ್ತದೆ, ಜೀವ ಉಳಿಯುತ್ತದೆ.

ಇಷ್ಟಕ್ಕೇ ಮುಗಿಸಿದರೆ ಈ ಕಥೆಯಲ್ಲಿ ನನಗೊಂದು ಒಳ್ಳೆಯ ಪಾತ್ರ ಸಿಗುತ್ತದೆ. ಆದರೆ ಸುಶೀಲ ಅದನ್ನು ಕೊಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳನ್ನು ನೋಡಲು ಎಸ್ಟೇಟಿನ ಕೆಲಸದವರ ಸಾಲಿನಲ್ಲಿದ್ದ ಅವರ ಲೈನ್ ಮನೆಗೆ ಹೋಗಿದ್ದೆ. ಆಸ್ಪತ್ರೆಗೆ ಓಡಿ ಬಂದಿರೆಂದು ಅವಳ ಗಂಡ ಎರಡೆರಡು ಸಲ ಕೈಮುಗಿದ. ಸುಶೀಲ ಬೆರಳುಗಳನ್ನು ಮಡಚುತ್ತ ಬಿಡಿಸುತ್ತ ಕೂತಿದ್ದಳು. ಗಂಡ ಹೊರಗೆ ಹೋದ ಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು:

“ಅಮ್ಮಾ, ಅವತ್ತು ನಾನು ಹೇಳಿದಾಗ ಅವರಿಬ್ರಿಗೆ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಾಯ್ತಲ್ಲ?”

“ಅನುಮಾನ ಬಂತು,” ಎಂದೆ.

“ಮತ್ತೆ ಯಾಕೆ ಹೋದ್ರಿ?”

ಅವನು ಆಂಟಿ ಎಂದ, ನಲವತ್ತೆಂಟು ವೋಲ್ಟ್ ಎಂದ, ನನಗೆ ಅವಮಾನವಾಯಿತು. ಇದನ್ನು ಅವಳ ಮುಂದೆ ಹೇಗೆ ಹೇಳುವುದು? ಗೊತ್ತಿಲ್ಲದೆ ತಪ್ಪು ಮಾಡಿದವನ ಬಗ್ಗೆ ನಾನು ಎಷ್ಟು ತಿರಸ್ಕಾರ ಬೇಕಾದರೂ ಬರೆಯಬಲ್ಲೆ, ಈಗ ಬರೆದಿದ್ದೇನೆ ಕೂಡ. ಗೊತ್ತಿದ್ದೂ ಒಂದು ಚೆಂದದ ಮಾತು ಎಸೆದು ಎದ್ದುಹೋದವಳಿಗೆ ಯಾವ ಮಾತು ಹೊಂದುತ್ತದೆ ಎಂದು ಹುಡುಕಿದರೆ ಸಿಗಲಿಲ್ಲ. ಆ ದಿನ ಮಧ್ಯಾಹ್ನ ಒಂದು ಗಂಟೆ ಅಲ್ಲಿ ನಿಂತು ಅಳೆದಿದ್ದರೆ ಬಂಗಲೆಗೆ ಅರ್ತಿಂಗ್ ಇಲ್ಲವೆಂಬುದು ಗೀಸರ್ ಹಾಕದೆಯೂ ತಿಳಿಯುತ್ತಿತ್ತು. ಅವಳ ಕೈ ಮುರಿಯುತ್ತಿರಲಿಲ್ಲ.

“ತಪ್ಪಾಯ್ತು ಸುಶೀಲ,” ಎಂದೆ.

ಅವಳು ಸರಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. “ಇನ್ಮೇಲೆ ಯಾರ ಮನೇಲಾದ್ರೂ ಯಾರಾದ್ರೂ ಜುಮ್ ಅಂತದೆ ಅಂದ್ರೆ, ನೋಡಿ ಹೋಗಿ,” ಎಂದಳು.

ಈಗ ನಾನು ಹಾಗೆಯೇ ಮಾಡುತ್ತೇನೆ. ಯಾರ ಮನೆಗೆ ಹೋದರೂ ಯಜಮಾನರ ಜೊತೆ, ಕನ್ಸಲ್ಟೆಂಟ್ ಜೊತೆ ಮಾತಿಗೆ ಕೂರುವ ಮುಂಚೆ, ಆ ಮನೆ ಒರೆಸುವವರು ಯಾರೆಂದು ಕೇಳಿ ಅವರನ್ನು ಮೊದಲು ಮಾತಾಡಿಸುತ್ತೇನೆ. ಆಮೇಲೆ ಅಳೆಯುತ್ತೇನೆ. ಬೇಡ ಎಂದವರ ಮನೆಯಲ್ಲೂ ಅಳೆಯುತ್ತೇನೆ. ಅವಮಾನ ಮಾಡುವವರು ಪಕ್ಕದಲ್ಲಿ ನಿಂತು ಮಾಡುತ್ತಿರಲಿ, ಅಡ್ಡಿಯಿಲ್ಲ.